ನೇರಳೆಗೆ ತಿರುಗಿದ ಚಿನ್ನ

ಲ್ಯಾಬಿಗೆ ಸೇರಿದ ಮೊದಲ ವರ್ಷದ ಮಾತು. ಚಿನ್ನದ ನ್ಯಾನೊಕಣ ತಯಾರಿಸಿ, ಹೀಲಾ ಕೋಶಗಳಿಗೆ ಕೊಟ್ಟು, ಎಷ್ಟು ಒಳಗೆ ಹೋಯಿತು ಅಂತ ನೋಡುವುದು ನನ್ನ ಕೆಲಸ. ಹೀಲಾ ಅಂದರೆ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಗಡ್ಡೆಯಿಂದ, ಆಕೆಯನ್ನು ಕೇಳದೆಯೇ ತೆಗೆದ ಕ್ಯಾನ್ಸರ್ ಕೋಶಗಳು. ಇವತ್ತಿಗೂ ಬೆಳೆಯುತ್ತಲೇ ಇವೆ.

ಸಿಟ್ರೇಟ್ ಹಾಕಿ ಕುದಿಸಿ ಮಾಡಿದ 20 ನ್ಯಾನೊಮೀಟರ್ ಚಿನ್ನ ಹಳದಿ ಇರಲ್ಲ, ದಾಳಿಂಬೆ ರಸದ ಹಾಗೆ ಕೆಂಪಗಿರುತ್ತೆ. ಕಣಗಳ ಮೇಲಿನ ಋಣ ವಿದ್ಯುದಂಶ ಅವನ್ನು ದೂರ ದೂರ ಇಟ್ಟಿರುತ್ತೆ. ಉಪ್ಪು ಬಿದ್ದರೆ ಆ ತಡೆ ಹೋಗಿ ಒಂದಕ್ಕೊಂದು ಅಂಟುತ್ತವೆ, ಬಣ್ಣ ನೇರಳೆಗೆ ತಿರುಗುತ್ತೆ.

ಅವತ್ತು ಸೀರಮ್ (ಕೋಶ ಬೆಳೆಸುವಾಗ ಬೆರೆಸುವ, ರಕ್ತದಿಂದ ತೆಗೆದ ಪ್ರೋಟೀನ್ ತುಂಬಿದ ದ್ರವ) ಖಾಲಿಯಾಗಿತ್ತು. ಇರಲಿ ಅಂತ ಬರೀ ಮೀಡಿಯಂಗೇ, ಅಂದರೆ ಕೋಶ ಬೆಳೆಸುವ ಉಪ್ಪು ಬೆರೆತ ದ್ರವಕ್ಕೇ, ಕಣ ಬೆರೆಸಿದೆ. ನೇರಳೆ ಹಣ್ಣಿನ ಬಣ್ಣ ಬಂತು. ಕಣ್ಣಿಗೆ ಕಂಡಿತು, ತಲೆಗೆ ಹೋಗಲಿಲ್ಲ. ನಾಲ್ಕು ಗಂಟೆ ಬಿಟ್ಟು, ಕಪ್ಪು ಹಿನ್ನೆಲೆಯಲ್ಲಿ ಕಣಗಳು ಹೊಳೆದು ಕಾಣುವ ಡಾರ್ಕ್‌ಫೀಲ್ಡ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶದ ತುಂಬ ಮಿಣಮಿಣ ಚುಕ್ಕಿ! ಮೀಟಿಂಗಿನಲ್ಲಿ ಜಂಬದಿಂದ ತೋರಿಸಿದೆ.

ಸೀನಿಯರ್ ಒಬ್ಬರು ಕೇಳಿದ್ದು ಒಂದೇ: "4 ಡಿಗ್ರಿಯಲ್ಲಿ ಇಟ್ಟು ನೋಡಿದ್ಯೇನೋ?"

ಕೋಶ ಇಂಥ ಕಣವನ್ನು ನುಂಗಬೇಕಾದರೆ ತನ್ನ ಪೊರೆಯನ್ನು ಒಳಕ್ಕೆ ಮಡಚಿ, ಚೀಲ ಕಟ್ಟಿ ಎಳೆದುಕೊಳ್ಳಬೇಕು. ಅದಕ್ಕೆ ಶಕ್ತಿ ಬೇಕು. ತಣ್ಣಗಿಟ್ಟರೆ ಆ ಕೆಲಸ ನಿಂತೇಹೋಗುತ್ತೆ, ಆಗಲೂ ಕಾಣುವುದೆಲ್ಲ ಹೊರಗೆ ಅಂಟಿದ್ದು. ಅವರು ಹೇಳಿದ ಹಾಗೆ ಫ್ರಿಜ್ಜಿನಲ್ಲಿಟ್ಟು ನೋಡಿದರೆ, ಆ ಪ್ಲೇಟಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಚುಕ್ಕಿಗಳಿದ್ದವು. ಬಿಂದಿಗೆಯ ತಳಕ್ಕೆ ಮರಳು ಕೂರುವ ಹಾಗೆ, ಗಂಟುಗಟ್ಟಿದ ಚಿನ್ನ ಕೋಶಗಳ ಮೇಲೆ ಹೋಗಿ ಕೂತಿತ್ತು ಅಷ್ಟೆ.

ಸೀರಮ್ ಹಾಕಿ ಮತ್ತೆ ಮಾಡಿದೆ. ಈ ಸಲ ಕೆಂಪು ಕೆಂಪಾಗಿಯೇ ಉಳಿಯಿತು. ಸೀರಮ್ಮಿನ ಪ್ರೋಟೀನುಗಳು ನಿಮಿಷಗಳಲ್ಲೇ ಕಣಕ್ಕೆ ಅಂಗಿ ತೊಡಿಸುತ್ತವೆ. ಆಮೇಲೆ ಕೋಶಕ್ಕೆ ಸಿಗುವುದು ಆ ಅಂಗಿ, ಚಿನ್ನವಲ್ಲ. ಚುಕ್ಕಿ ಕಡಿಮೆ, ಫೋಟೋ ಸಪ್ಪೆ. ಆದರೆ ತಣ್ಣನೆಯ ಪ್ಲೇಟು ಹತ್ತಿರ ಹತ್ತಿರ ಖಾಲಿ. ಗೈಡ್ ಮೇಡಂ ಇಟ್ಟುಕೊಂಡದ್ದು ಇದನ್ನೇ.

ರಕ್ತಕ್ಕೆ ಬಿಟ್ಟಾಗಲೂ ಇದೇ ಅಂಗಿಯ ಕಾಟ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್ ಎಂಬ ಕ್ಯಾನ್ಸರ್ ಔಷಧದ ಕಣಗಳಿಗೆ ಪೆಗ್ ಪಾಲಿಮರಿನ ಹೊದಿಕೆ ಇರುವುದು ಪ್ರೋಟೀನ್ ಅಂಟುವುದನ್ನು ತಗ್ಗಿಸಿ, ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಲಿ ಅಂತ. ಕ್ಯಾನ್ಸರ್ ಗಡ್ಡೆಗೆ ಔಷಧ ಒಯ್ಯಲೆಂದು ಮಾಡಿದ ಇಂಥ ನ್ಯಾನೊಕಣಗಳನ್ನು ಪ್ರಾಣಿಗಳಿಗೆ ಕೊಟ್ಟ ಹತ್ತು ವರ್ಷದ ಪ್ರಯೋಗಗಳನ್ನು 2016ರಲ್ಲಿ ಒಟ್ಟುಹಾಕಿ ನೋಡಿದಾಗ, ಕೊಟ್ಟ ಕಣಗಳಲ್ಲಿ ಗಡ್ಡೆ ಮುಟ್ಟಿದ್ದರ ಮಧ್ಯಾಂಕ ಶೇ. 0.7 ಮಾತ್ರ. ನನ್ನ ಮಿಣಮಿಣ ಫೋಟೋ ನೆನೆದರೆ ಈಗಲೂ ನಾಚಿಕೆ.

ಈಗ ಮೀಡಿಯಂಗೆ ಕಣ ಬೆರೆಸಿದ ಕೂಡಲೇ ಟ್ಯೂಬನ್ನು ಬಿಳಿ ಹಾಳೆಗೆ ಹಿಡಿದು ಬಣ್ಣ ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಸೀರಮ್ ಖಾಲಿಯಾದ ದಿನ ಪ್ರಯೋಗವಿಲ್ಲ, ಕಾಫಿ.