ಬಲಗಡೆ ಕೂತವಳು

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ. ಶಾಲೆ ಶುರುವಾಗಲು ನಾಲ್ಕೇ ದಿನ. ನನ್ನ ಹೊಲಿಗೆ ಅಂಗಡಿಯಲ್ಲಿ ಯೂನಿಫಾರ್ಮಿನ 48 ಅಂಗಿಗಳು 32ರ ಬದಲು 30ರ ಅಳತೆಗೆ ಕಟಿಂಗ್ ಆಗಿ, ಹೊಲಿದು, ಗುಂಡಿ ಕೂಡ ಹಾಕಿ ಆಗಿತ್ತು. ಬಿಚ್ಚಿ ದೊಡ್ಡದು ಮಾಡೋಣ ಅಂದರೆ ಒಳಗೆ ಬಿಟ್ಟ ಬಟ್ಟೆ ಸಾಲದು. ನಾನು ಕೂಗಾಡಿದೆ. ಆಗ ಕಾಲರ್ ಹೊಲಿಯುವ ಹುಡುಗಿ ಮೆಲ್ಲಗೆ ಹೇಳಿದಳು, "ಮೊದಲನೇ ಅಂಗಿಗೇ ಸಣ್ಣ ಅನಿಸಿತ್ತು ಅಕ್ಕ."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಬೈತೀರಿ ಅಂತ."

ಬಟ್ಟೆ ಮತ್ತೆ ತಂದು, ರಾತ್ರಿ ಎಲ್ಲ ಕೂತು ಹೊಲಿದೆವು. ಆ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ.

ನಾನು ಹೊಲಿಗೆ ಕಲಿತದ್ದು ಉಜಿರೆಯ ರುಡ್‌ಸೆಟ್‌ನಲ್ಲಿ. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ ಸ್ವಉದ್ಯೋಗ ತರಬೇತಿ ಸಂಸ್ಥೆ. ಅದನ್ನು ನೋಡಿಯೇ ಆಮೇಲೆ ದೇಶದ ಬೇರೆ ಬೇರೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಅಂಥದ್ದೇ ತರಬೇತಿ ಕೇಂದ್ರಗಳು, ಅಂದರೆ ಆರ್‌ಸೆಟಿಗಳು ಬಂದವು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಅಲ್ಲಿ ಹೊಲಿಗೆಯ ಜೊತೆ ಆಟಗಳನ್ನೂ ಆಡಿಸುತ್ತಿದ್ದರು. ಒಂದು, ಗೋಪುರ ಕಟ್ಟುವ ಆಟ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎಡಗೈಯಲ್ಲಿ ಮರದ ತುಂಡುಗಳನ್ನು ಒಂದರ ಮೇಲೊಂದು ಇಡಬೇಕು. ಅಕ್ಕಪಕ್ಕ ಇಬ್ಬರು ಕೂತು ಹೇಳಿಕೊಡುತ್ತಾರೆ. ಎಷ್ಟು ಇಡ್ತೀರಿ ಅಂತ ಮೊದಲೇ ಕೇಳುತ್ತಾರೆ. ನಾನು 12 ಅಂದಿದ್ದೆ. ಬಲಗಡೆ ಕೂತವಳು "ಎಡಕ್ಕೆ! ಅಯ್ಯೋ, ಅಷ್ಟಲ್ಲ! ಬಲಕ್ಕೆ!" ಅಂತ ಒಂದೇ ಸಮನೆ ಕೂಗಿದಳು. ಏಳನೆಯದಕ್ಕೇ ಬಿತ್ತು. ಎರಡನೇ ಸಲ ಎಡಗಡೆಯವಳು ಮಾತ್ರ ಮಾತಾಡಿದಳು. "ಚೂರು ಮುಂದೆ. ಸಾಕು. ಈಗ ಕೈ ಬಿಡು." 11 ನಿಂತಿತು.

ಆಗ ಅದು ಧೈರ್ಯದ ಪಾಠ ಅಂದುಕೊಂಡಿದ್ದೆ. ಆ 48 ಅಂಗಿಗಳ ಎದುರು ಕೂತಾಗ ಬೇರೆಯೇ ಕಂಡಿತು. ಈಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು ನನ್ನ ಜೊತೆ ಹೊಲಿಯುವ ಏಳು ಜನ. ಇಡೀ ಆರ್ಡರ್ ಅವರಿಗೆ ಕಾಣುವುದಿಲ್ಲ, ಕೈಗೆ ಬಂದ ಕಾಲರ್ರೋ ತೋಳೋ ಅಷ್ಟೇ ಕಾಣುತ್ತದೆ. ಬಲಗಡೆ ಕೂತು ಕೂಗುತ್ತಿರುವವಳು ನಾನು.

ಅಂಗಡಿ ಇಡುವಾಗ ಸಾಲ, ಲೆಕ್ಕಪತ್ರ, ಮಾರ್ಕೆಟಿಂಗ್ ಎಲ್ಲ ಹೇಳಿಕೊಡುತ್ತಾರೆ. ನನಗೆ ಕೇಳಿದರೆ, ನಾಲ್ಕೈದು ಜನ ಕೆಲಸಕ್ಕೆ ಬಂದ ಮೇಲೆ ಇನ್ನೊಂದು ಸಲ ತರಬೇತಿಗೆ ಕರೆಯಬೇಕು. ಒಬ್ಬಳೇ ಹೊಲಿಯುತ್ತಿದ್ದಾಗ ನನ್ನ ಸಿಟ್ಟಿಗೆ ಯಾರೂ ಬಾಯಿ ಮುಚ್ಚಿಕೊಳ್ಳಬೇಕಾಗಿರಲಿಲ್ಲ, ಅಲ್ವಾ?

ರುಡ್‌ಸೆಟ್‌ನಲ್ಲಿ ಬೆಳಿಗ್ಗೆ 'ಮಿಲ್ಲಿ' ಅಂತ ಇತ್ತು. ನಿನ್ನೆ ಕಲಿತದ್ದರಲ್ಲಿ ಮುಖ್ಯವಾದ ಒಂದನ್ನು ಎದ್ದು ನಿಂತು ಹೇಳಬೇಕು. ಜೂನ್‌ನಲ್ಲಿ ಅದನ್ನೇ ನಮ್ಮಲ್ಲಿ ಶುರು ಮಾಡಿದೆ, ಮೆಷಿನ್ ಹತ್ತುವ ಮೊದಲು ಹತ್ತು ನಿಮಿಷ. ಪೀಸ್ ರೇಟಿಗೆ ಹೊಲಿಯುವವರಿಗೆ ಹತ್ತು ನಿಮಿಷ ಅಂದರೂ ದುಡ್ಡೇ, ಹಾಗಾಗಿ ಅದಕ್ಕೂ ಲೆಕ್ಕ ಹಾಕಿ ಕೊಡುತ್ತೇನೆ. ಮೊದಲ ವಾರ ಎಲ್ಲರದ್ದೂ "ಏನಿಲ್ಲ ಅಕ್ಕ" ಒಂದೇ ಮಾತು. ಆಮೇಲೆ ನಾನೇ ದಿನಾ ನನ್ನ ಒಂದು ತಪ್ಪು ಹೇಳಲು ಶುರು ಮಾಡಿದೆ.

ಮೂರನೇ ವಾರ ಕಾಲರ್ ಹುಡುಗಿ ಎದ್ದಳು. "ಅಕ್ಕ, ನೀವು ಫೋನಲ್ಲಿ ಮಾತಾಡ್ತಾ ಅಳತೆ ಹೇಳ್ತೀರಿ. ಮೂವತ್ತು ಅಂದ್ರೋ ಮೂವತ್ತೆರಡು ಅಂದ್ರೋ ಗೊತ್ತಾಗುವುದಿಲ್ಲ. ಬರೆದು ಕೊಡಿ."

ಈಗ ಬಟ್ಟೆಯ ಪ್ರತಿ ಕಟ್ಟಿಗೂ ಅಳತೆಯ ಚೀಟಿ ಪಿನ್ ಮಾಡಿರುತ್ತೇವೆ. ಬರೆಯುವುದು ನಾನು. ಮೊದಲ ಅಂಗಿಗೆ ಟೇಪ್ ಹಿಡಿದು ನೋಡುವುದು ಅವಳು. ಅವಳು ಸರಿ ಅನ್ನುವವರೆಗೆ ಉಳಿದ ಬಟ್ಟೆಗೆ ಕತ್ತರಿ ಹಾಕುವ ಹಾಗಿಲ್ಲ, ನಾನು ಹೇಳಿದರೂ.