ಹದಿನೈದು ನಿಮಿಷದ ವಿದೇಶ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಓಣಿಯ ರಾತ್ರಿಗಳನ್ನು ಇಪ್ಪತ್ತೆರಡು ವರ್ಷಗಳಿಂದ ಒಬ್ಬನೇ ಮನುಷ್ಯ ಕಾಯುತ್ತಿದ್ದಾನೆ. ಕೋಲಿನಿಂದ ಕಂಬಕ್ಕೆ ಬಡಿಯುತ್ತಾನೆ, ಸೀಟಿ ಊದುತ್ತಾನೆ, ತಿಂಗಳ ಮೊದಲ ವಾರ ಬಾಗಿಲಿಗೆ ಬಂದು ಐವತ್ತು ರೂಪಾಯಿ ಪಡೆದು ಹೋಗುತ್ತಾನೆ. ಎಲ್ಲರ ಬಾಯಲ್ಲೂ ಅವನು ಗೂರ್ಖಾ. ಗೋರ್ಖಾ ಎಂಬುದು ನೇಪಾಳದ ಬೇರೆಯೇ ಒಂದು ಜಿಲ್ಲೆ, ಅವನದು ಪಾಲ್ಪಾ ಎಂದು ನನಗೆ ತಿಳಿದದ್ದು 2023ರ ದೀಪಾವಳಿಗೆ. ಅದೂ ನಾನು ಶಾಲೆಯಿಂದ ನಿವೃತ್ತಳಾಗಿ, ಬಾಗಿಲಲ್ಲಿ ನಿಂತು ಮಾತಾಡುವಷ್ಟು ಪುರುಸೊತ್ತು ಸಿಕ್ಕ ಮೇಲೆ.

ಆ ಹೊತ್ತಿಗೆ ನಮ್ಮ ಮನೆಯವರಿಗೆ ಒಂದು ಹುಚ್ಚು ಹತ್ತಿತ್ತು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ನಾಲ್ಕು ವರ್ಷ ಫಿಟ್ಟರ್ ಆಗಿದ್ದವರು, ಸುಮ್ಮನೆ ಕೂತವರಲ್ಲ. ಇಬ್ಬರೂ ಕೂಡಿ ಯಾವುದಾದರೂ ಪರದೇಶಕ್ಕೆ ಹೋಗಿ ಸ್ವಯಂಸೇವೆ ಮಾಡಿ ಬರೋಣ ಎಂದರು. ವಿಚಾರಿಸಿದೆವು. ಒಂದು ಸಂಸ್ಥೆ ಇಬ್ಬರಿಗೆ ಎರಡು ವಾರಕ್ಕೆ ಕೇಳಿದ ಮೊತ್ತದಲ್ಲಿ ನಮ್ಮ ಮಗಳ ನಿಶ್ಚಿತಾರ್ಥ ಮುಗಿದಿತ್ತು. ದುಡಿಯುವುದಕ್ಕೂ ದುಡ್ಡು ಕೊಡಬೇಕೆ ಎಂದು ಅಲ್ಲಿಗೇ ಕೈಬಿಟ್ಟೆವು. ಇದನ್ನೆಲ್ಲ ಬಾಗಿಲಲ್ಲಿ ಕೇಳಿಸಿಕೊಂಡ ಗೂರ್ಖಾ, "ಅಕ್ಕಾವರೇ, ನಮ್ಮೂರ ಶಾಲೆಗೆ ಹೋಗಿ. ನನ್ನ ಮನೆಯಲ್ಲೇ ಇರಬಹುದು" ಎಂದ. ಶಾಲೆಯ ಮುಖ್ಯಗುರುಗಳೊಡನೆ ಅವನೇ ಫೋನಿನಲ್ಲಿ ಮಾತಾಡಿಸಿದ. ಊಟ, ವಸತಿಯ ಹಣವನ್ನು ಅವನ ಹೆಂಡತಿಯ ಕೈಗೇ ಕೊಡುವುದೆಂದು ಮಾತಾಯಿತು.

ನಮ್ಮ ವೈನಿಗೆ ಇದು ಸಮಾಧಾನ ತರಲಿಲ್ಲ. "ವೀಸಾ ಬೇಡ, ವೋಟರ್ ಕಾರ್ಡ್ ತೋರಿಸಿದರೆ ಒಳಗೆ ಬಿಡುತ್ತಾರೆ ಎಂದರೆ ಅದೆಂಥ ಫಾರಿನ್?" ಎಂದು ಕೇಳಿದರು. ಅವರ ಮಗ ಇರುವುದು ಡಲ್ಲಾಸಿನಲ್ಲಿ, ಹಾಗಾಗಿ ಕೇಳುವ ಹಕ್ಕಿದೆ.

2024ರ ಜನವರಿ ಕೊನೆಯಲ್ಲಿ ಹೊರಟೆವು. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಡಬ್ಬಿ ಹುಡುಕುವುದರಲ್ಲೇ ಅರ್ಧ ಪ್ರಯಾಣ ಮುಗಿದಂತಾಗಿತ್ತು. ವಾರಾಣಸಿಗೆ ನೇರ ರೈಲು, ಅಲ್ಲಿಂದ ಗೋರಖಪುರ, ಆಮೇಲೆ ಸೋನೌಲಿಯ ಗಡಿ. ನೂರಕ್ಕಿಂತ ದೊಡ್ಡ ನಮ್ಮ ನೋಟು ಆಗ ಆಚೆ ನಡೆಯುತ್ತಿರಲಿಲ್ಲವಾದ್ದರಿಂದ ನೂರರ ಕಟ್ಟುಗಳನ್ನು ಸೀರೆಗಳ ನಡುವೆ ಮಡಚಿ ಇಟ್ಟಿದ್ದೆ. ನಮ್ಮ ನೂರಕ್ಕೆ ಅಲ್ಲಿನ ನೂರಾ ಅರವತ್ತು. ಸಿದ್ಧಾರೂಢರ ಹೆಸರಿನ ನಿಲ್ದಾಣದಿಂದ ಹೊರಟವರು ಸಿದ್ಧಾರ್ಥನ ಹೆಸರಿನ ಹೆದ್ದಾರಿಯಲ್ಲಿ ಪಾಲ್ಪಾದ ಗುಡ್ಡದೂರು ತಾನ್ಸೆನ್‌ಗೆ ಏರಿದೆವು. ಬೆಳಗ್ಗೆ ಅಲ್ಲಿಂದ ಕೆಳಗೆ ನೋಡಿದರೆ ಮಾಡಿ ಎಂಬ ಕಣಿವೆಯ ತುಂಬ ಮಂಜು. ಬಿಳಿ ಕೆರೆ ಎಂದೇ ಅದಕ್ಕೆ ಹೆಸರು. ಉಣಕಲ್ ಕೆರೆಯನ್ನು ಕಂಡೇ ಹಿಗ್ಗುತ್ತಿದ್ದ ನಾವು ಚಹಾ ಆರುವ ತನಕ ನಿಂತೆವು. ಹಳ್ಳಿಗೆ ಹೋಗಲು ಇನ್ನೂ ಒಂದು ಜೀಪು ಹತ್ತಬೇಕಿತ್ತು.

ಗೂರ್ಖಾನ ಹೆಂಡತಿ ನನ್ನನ್ನು ದಿದಿ ಎಂದಳು, ನಾನು ಅವಳನ್ನು ಬಹಿನಿ ಎಂದೆ. ಅಕ್ಕನ ಗಂಡ ಆದ್ದರಿಂದ ಇವರು ಭಿನಾಜು ಆದರು. ಗಂಡ ಎರಡು ವರ್ಷಕ್ಕೊಮ್ಮೆ ಬರುವ ಆ ಮನೆಯಲ್ಲಿ ಅವರಿಬ್ಬರ ಕೋಣೆಯನ್ನೇ ನಮಗೆ ಬಿಟ್ಟುಕೊಟ್ಟಿದ್ದಳು. ಬೆಳಗ್ಗೆ ಒಂಬತ್ತಕ್ಕೇ ಪೂರ್ತಿ ಊಟ: ಅನ್ನ, ಬೇಳೆ, ಗುಂದ್ರುಕ್ ಎಂಬ ಹುಳಿಸಿ ಒಣಗಿಸಿದ ಸೊಪ್ಪು. ಒಂದು ದಿನ ಢಿಂಡೋ ಮಾಡಿದಳು. ಅದು ಮೈಸೂರು ಕಡೆಯ ಮುದ್ದೆಯ ಅಣ್ಣ. ರೊಟ್ಟಿ ಜನರಾದ ನಮಗೆ ನುಂಗುವ ವಿದ್ಯೆ ಎಲ್ಲಿಂದ ಬರಬೇಕು? ಶೇಂಗಾ ಚಟ್ನಿ ಕಾಪಾಡಿತು. ಆ ಮನೆಯಲ್ಲಿ ಮೊದಲು ಕಲಿತ ನೇಪಾಳಿ ಮಾತೆಂದರೆ "ಪುಗ್ಯೋ", ಸಾಕು. ಹೇಳದಿದ್ದರೆ ಬಡಿಸುತ್ತಲೇ ಇರುತ್ತಾಳೆ.

ಇನ್ನು ಗಡಿಯಾರದ ವಿಷಯ. ನೇಪಾಳ ನಮಗಿಂತ ಹದಿನೈದು ನಿಮಿಷ ಮುಂದೆ. ಗೌರೀಶಂಕರ ಶಿಖರದ ರೇಖಾಂಶಕ್ಕೆ ಹೊಂದಿಸಿ 1986ರಲ್ಲಿ ಹಾಗೆ ಮಾಡಿಕೊಂಡರು ಎಂದು ಮುಖ್ಯಗುರುಗಳು ಹೇಳಿದರು. ನನ್ನ ಮೊಬೈಲ್ ತಾನಾಗಿಯೇ ಬದಲಾಯಿತು. ಇವರ ಕೈಯಲ್ಲಿದ್ದದ್ದು ಕೀಲಿ ಕೊಡುವ ಎಚ್‌ಎಂಟಿ, 1989ರಲ್ಲಿ ಮದುವೆಗೆ ನನ್ನ ಅಪ್ಪ ಕೊಟ್ಟದ್ದು. "ಹದಿನೈದು ನಿಮಿಷಕ್ಕೆ ಯಾರಾದರೂ ಮುಳ್ಳು ತಿರುಗಿಸುತ್ತಾರೆಯೇ? ನಮ್ಮ ಕಡೆ ಮದುವೆಯ ಅಕ್ಷತೆಯೇ ಇದಕ್ಕಿಂತ ತಡ" ಎಂದರು. ಅಪ್ಪನ ಗಡಿಯಾರವಾದ್ದರಿಂದ ನಾನೂ ಹೆಚ್ಚು ಮಾತಾಡುವಂತಿರಲಿಲ್ಲ.

ದಂಪತಿಗಳು ಬರುತ್ತಿದ್ದಾರೆಂದು ಶಾಲೆಯವರು ಪ್ರೀತಿಯಿಂದ ಇಬ್ಬರಿಗೂ ಒಂದೇ ತರಗತಿ ಕೊಟ್ಟಿದ್ದರು. ಅದೇ ತಪ್ಪಾಯಿತು. ಐದನೆಯ ತರಗತಿ, ಭಿನ್ನರಾಶಿ. ಹಲಗೆಯ ಮೇಲೆ ಆಗಲೇ 2080ನೆಯ ಇಸವಿ. ಅವರದು ವಿಕ್ರಮ ಸಂವತ್, ನಮ್ಮ ಪಂಚಾಂಗದಲ್ಲಿ ಇನ್ನೂ ಶಕ 1945. ಹತ್ತಕ್ಕೆ ಗಂಟೆ. ನಾನು ಶುರು ಮಾಡಿ ರೊಟ್ಟಿಯನ್ನು ಅರ್ಧ, ಕಾಲು ಎಂದು ಬಿಡಿಸುವಷ್ಟರಲ್ಲಿ ಇವರು ತಮ್ಮ ಹತ್ತು ಗಂಟೆಗೆ ಬಾಗಿಲಲ್ಲಿ ಪ್ರತ್ಯಕ್ಷ. ಮಕ್ಕಳೆಲ್ಲ ಎದ್ದು "ನಮಸ್ತೇ ಸರ್". ಬಂದವರು ಸುಮ್ಮನೆ ನಿಲ್ಲುವುದಿಲ್ಲ, "ರೊಟ್ಟಿ ಅಲ್ಲ, ಇಂಚು ಪಟ್ಟಿ ತೋರಿಸು, ಆಗ ತಿಳಿಯುತ್ತದೆ" ಎಂದು ತಿದ್ದುತ್ತಾರೆ. ಮೂವತ್ತೆರಡು ವರ್ಷ ಪಾಠ ಮಾಡಿದವಳು ನಾನು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎನ್ನಿಸಿಕೊಳ್ಳಬಲ್ಲೆ, ತರಗತಿಯಲ್ಲಿ ಆಗುವುದಿಲ್ಲ.

ಮೂರನೆಯ ದಿನ, ಭಾನುವಾರ (ಅಲ್ಲಿ ಆಗ ರಜೆ ಶನಿವಾರಕ್ಕೆ), ಸೀಮೆಸುಣ್ಣ ಕೆಳಗಿಟ್ಟು ಕನ್ನಡದಲ್ಲೇ ಹೇಳಿದೆ. ಯಾರಿಗೂ ತಿಳಿಯದು ಎಂಬ ಧೈರ್ಯ. "ರೀ, ಒಂದೋ ಗಡಿಯಾರ ತಿರುಗಿಸಿಕೊಳ್ಳಿ, ಇಲ್ಲವೇ ಒಳಗೆ ಬರಬೇಡಿ. ಬರಬೇಡಿ ಎಂದರೆ ಬರಬೇಡಿ!" ಮುಖದಲ್ಲಿ ನಗು ಇಟ್ಟುಕೊಂಡೇ ಹೇಳಿದ್ದೆ. ಅದೇ ಎಡವಟ್ಟಾಯಿತು. ಮರುದಿನ ಇವರು ಬಾಗಿಲಿಗೆ ಬಂದಾಗ ಇಪ್ಪತ್ತಾರು ಮಕ್ಕಳು ಎದ್ದು ನಿಂತು, ಕೈ ಜೋಡಿಸಿ, ಒಂದೇ ರಾಗದಲ್ಲಿ ಹೇಳಿದರು: "ಬರಬೇಡಿ ಸರ್!"

ನಮ್ಮ ಭಾಷೆಯಲ್ಲಿ ನಮಸ್ತೆಗೆ ಹಾಗೆನ್ನುತ್ತಾರೆ ಎಂದುಕೊಂಡಿದ್ದವು ಪಾಪ.

ಇವರ ಕಿವಿ ಕೆಂಪಾಯಿತು. ಏನೂ ಹೇಳದೆ ಹೊರಗೆ ಹೋದರು. ನಾನು ಪಾಠ ಮುಂದುವರಿಸಿದೆ, ಆದರೆ ಕಾಲು ಭಾಗವನ್ನು ಅರ್ಧ ಎಂದೆ, ಒಬ್ಬ ಹುಡುಗಿ ತಿದ್ದಿದಳು. ಮಧ್ಯಾಹ್ನ ಹೊರಗೆ ಬಂದು ನೋಡಿದರೆ ಇವರು ಅಂಗಳದಲ್ಲಿ ಮುರಿದ ಬೆಂಚುಗಳನ್ನು ಅಂಗಾತ ಹಾಕಿಕೊಂಡು ಕೂತಿದ್ದಾರೆ, ಸುತ್ತ ದೊಡ್ಡ ತರಗತಿಯ ಹುಡುಗರು. ಮೊಳೆ ಹೊಡೆಯುವ ಮೊದಲು ಇಂಚು ಪಟ್ಟಿ ಇಟ್ಟು ಅರ್ಧ, ಕಾಲು, ಅರೆಕಾಲು ಅಳೆಸುತ್ತಿದ್ದರು. ನನ್ನ ಪಾಠಕ್ಕಿಂತ ಅದು ಚೆನ್ನಾಗಿತ್ತು. ಅವರಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಮೂರು ವಾರದಲ್ಲಿ ಹದಿನೇಳು ಬೆಂಚು, ಎರಡು ಕಿಟಕಿ, ಒಂದು ನಲ್ಲಿ ಸರಿಹೋದವು. ನಾನು ಮಾಡಿದ್ದನ್ನು ಹಾಗೆ ಎಣಿಸಿ ತೋರಿಸಲಾರೆ. ನಿಜ ಹೇಳಬೇಕೆಂದರೆ ಆ ತರಗತಿಯ ಶಿಕ್ಷಕಿ ನನ್ನಷ್ಟೇ ಚೆನ್ನಾಗಿ ಕಲಿಸಬಲ್ಲವಳು, ನನ್ನಿಂದ ಅವಳಿಗೆ ಹಿಂದಿನ ಬೆಂಚಿನಲ್ಲಿ ಮೂರು ವಾರ ವಿಶ್ರಾಂತಿ ಸಿಕ್ಕಿತು, ಅಷ್ಟೇ. ಸಂಜೆ ಮನೆಗೆ ಬರುತ್ತಿದ್ದ ನಾಲ್ಕು ಹಿಂದುಳಿದ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೆನಲ್ಲ, ಅದೊಂದು ಲೆಕ್ಕಕ್ಕೆ ಬರಬಹುದು. ಯಾರಾದರೂ ಗಂಡಹೆಂಡತಿ ಹೀಗೆ ಹೊರಟರೆ, ಒಂದೇ ಕೆಲಸ ಒಪ್ಪಿಕೊಳ್ಳಬೇಡಿ ಎನ್ನುತ್ತೇನೆ. ಒಂದೇ ಊರು ಸಾಕು.

ಬರಬೇಡಿಯ ರಾತ್ರಿ ಕೋಣೆಯಲ್ಲಿ ಜಗಳ ಮುಂದುವರಿಯಿತು. ಮರದ ಗೋಡೆ. ಕೊನೆಗೆ ಇವರು ಗಡಿಯಾರ ಬಿಚ್ಚಿ, "ತಿರುಗಿಸಿಬಿಡುತ್ತೇನೆ, ನಿನಗೆ ಸಮಾಧಾನವಾಗಲಿ" ಎಂದು ಹೊರಗೆ ಒಲೆಯ ಬೆಳಕಿಗೆ ಬಂದರು. ಬಹಿನಿ ಕೂತಿದ್ದಳು. ಏನು ಜಗಳ ಎಂದು ಹಿಂದಿಯಲ್ಲಿ ಕೇಳಿದಳು. ಹೇಳಿದೆವು. ಗಡಿಯಾರವನ್ನು ಕೈಗೆ ತೆಗೆದುಕೊಂಡು, "ಅಂದರೆ ಇದರಲ್ಲಿರುವುದು ಹುಬ್ಬಳ್ಳಿಯ ಟೈಮ್?" ಎಂದಳು. ಒಂಬತ್ತೂ ಮುಕ್ಕಾಲು ಆಗಿತ್ತು. "ಹತ್ತಕ್ಕೆ ಅವರ ಡ್ಯೂಟಿ. ಈಗ ಬೂಟು ಹಾಕುತ್ತಿರುತ್ತಾರೆ" ಎಂದಳು. ತಿರುಗಿಸಬೇಡಿ ಭಿನಾಜು ಎಂದು ಒಲೆಯ ಪಕ್ಕದ ಮೊಳೆಗೆ ನೇತುಹಾಕಿದಳು.

ಅಲ್ಲಿಂದ ಮುಂದೆ ಇವರು ಶಾಲೆಯ ಗಂಟೆ ಕೇಳಿಯೇ ಹೊರಡುತ್ತಿದ್ದರು. ಗಡಿಯಾರ ಮೊಳೆಯಲ್ಲೇ ಇತ್ತು, ದಿನಾ ಬೆಳಗ್ಗೆ ಕೀಲಿ ಕೊಡುವುದು ಮಾತ್ರ ಇವರ ಕೆಲಸ. ಮರೆತರೆ ಬಹಿನಿ ನೆನಪಿಸುತ್ತಿದ್ದಳು.

ಮರಳುವಾಗ ಸೋನೌಲಿ ದಾಟಿದೊಡನೆ ನನ್ನ ಮೊಬೈಲ್ ಹದಿನೈದು ನಿಮಿಷ ಹಿಂದಕ್ಕೆ ಜಾರಿತು. "ನೋಡು, ನನ್ನದು ಸರಿಯಾಗಿಯೇ ಇತ್ತು" ಎಂದು ಇವರು ಮಣಿಕಟ್ಟು ಮುಂದೆ ಚಾಚಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಹುಬ್ಬಳ್ಳಿ ಮುಟ್ಟಿದ ರಾತ್ರಿ ದಣಿವಿಗೆ ನಿದ್ದೆಯೇ ಹತ್ತಲಿಲ್ಲ. ಹೊರಗೆ ಸೀಟಿ ಕೇಳಿಸಿತು, ಆಮೇಲೆ ಕಂಬಕ್ಕೆ ಕೋಲಿನ ಏಟು. ಇವರು ಕತ್ತಲಲ್ಲೇ ಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದು, "ಎರಡೂವರೆ" ಎಂದರು.

"ಅಲ್ಲಿ ಎರಡೂ ಮುಕ್ಕಾಲು" ಎಂದೆ.