ಮೂರು ಸುತ್ತು ಬಾಕಿ ಇರುವಾಗ

ಟೈರು ಸವೆಯುವ ಕ್ರಮ ವಾಹನ ಇಟ್ಟುಕೊಂಡವರಿಗೆಲ್ಲ ಗೊತ್ತು. ಮೊದಲು ಗೆರೆ ಅಳಿಯುತ್ತದೆ, ಆಮೇಲೆ ರಬ್ಬರು ಬೋಳಾಗುತ್ತದೆ, ಕೊನೆಗೆ ಒಳಗಿನ ನೂಲು ಇಣುಕುತ್ತದೆ. ನೂಲು ಕಂಡ ಮೇಲೂ ಇನ್ನೊಂದು ಟ್ರಿಪ್ಪು ಎಳೆಯುವ ಲಾರಿ ಡ್ರೈವರುಗಳಿದ್ದಾರೆ. 1961ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಎಡ್ಡಿ ಸ್ಯಾಕ್ಸ್ ಎಂಬ ಚಾಲಕನಿಗೆ ತನ್ನ ಕಾರಿನ ಬಲಗಡೆ ಹಿಂದಿನ ಟೈರಿನಲ್ಲಿ ಕಂಡದ್ದೂ ಅದೇ, ಎಚ್ಚರಿಕೆಯ ಬಿಳಿ ಪದರ. 500 ಮೈಲಿಯ ರೇಸಿನಲ್ಲಿ ಇನ್ನು ಮೂರೇ ಸುತ್ತು ಬಾಕಿ. ಅವನ ಮುಂದೆ ಯಾರೂ ಇರಲಿಲ್ಲ.

ಆ ದಿನದ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಈ ಟೈರಿನಿಂದಲೇ ಶುರುವಾಗಿ ಇಲ್ಲೇ ಮುಗಿಯುತ್ತದೆ. ನನ್ನ ಪ್ರಕಾರ ಕಥೆ ಶುರುವಾಗಿದ್ದು ಅದಕ್ಕೂ ಸುಮಾರು ನಲವತ್ತು ಸುತ್ತು ಮೊದಲು, ಬೇರೆಯವನ ಪಿಟ್‌ನಲ್ಲಿ (ರೇಸಿನ ನಡುವೆ ಕಾರು ನಿಲ್ಲಿಸಿ ಇಂಧನ ತುಂಬಿಸಿ ಟೈರು ಬದಲಿಸುವ ಜಾಗ), ಇಂಧನದ ಪೈಪಿನ ಬಾಯಲ್ಲಿ.

ಮೊದಲು ಆ ರಸ್ತೆ ಹೇಗಿತ್ತೆಂದು ನೋಡಬೇಕು. ಹೆಸರಿಗೆ ಓವಲ್, ನಿಜಕ್ಕೂ ಮೂಲೆ ದುಂಡಗೆ ಮಾಡಿದ ಆಯತ. ಒಂದು ಸುತ್ತಿಗೆ ಎರಡೂವರೆ ಮೈಲಿ, ಅಂದರೆ 4 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಉದ್ದದ ನೇರದಾರಿಗಳು ಎರಡು, ಒಂದೊಂದೂ ಸುಮಾರು ಒಂದು ಕಿಲೋಮೀಟರು. ಅಡ್ಡಕ್ಕೆ ಎರಡು ಗಿಡ್ಡ ನೇರದಾರಿಗಳು, ತಲಾ 200 ಮೀಟರು. ನಾಲ್ಕು ತಿರುವು, ಪ್ರತಿಯೊಂದೂ 400 ಮೀಟರು, ಹೊರಗಿನಿಂದ ಒಳಕ್ಕೆ ವಾಲಿದ್ದು 9 ಡಿಗ್ರಿ 12 ಮಿನಿಟು ಮಾತ್ರ. ಈ ವೇಗಕ್ಕೆ ಅಷ್ಟು ವಾಟ ಏನೇನೂ ಸಾಲದು. ಕಾರನ್ನು ರಸ್ತೆಯಲ್ಲಿ ಹಿಡಿದಿಡುವ ಕೆಲಸವೆಲ್ಲ ಟೈರಿನದೇ. 200 ಸುತ್ತಿಗೆ 800 ತಿರುವು, ಎಲ್ಲವೂ ಎಡಕ್ಕೆ. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಕ್ಕೆ ಒರಗುತ್ತದೆ. ಬಲಗಡೆ ಹಿಂದಿನ ಚಕ್ರಕ್ಕೆ ಆ ಭಾರದ ಜೊತೆಗೆ ಎಂಜಿನ್ನಿನ ತಳ್ಳಾಟವೂ ಸೇರುತ್ತದೆ. ಆದ್ದರಿಂದ ನಾಲ್ಕು ಟೈರಿನಲ್ಲಿ ಎರಡು ಮಾತ್ರ ನಿಜವಾಗಿ ಸವೆಯುತ್ತವೆ, ಅವೆರಡೂ ಬಲಗಡೆಯವು. ಮುಖ್ಯ ನೇರದಾರಿಯಲ್ಲಿ ಆ ವರ್ಷವೂ 1909ರಲ್ಲಿ ಹಾಸಿದ ಇಟ್ಟಿಗೆಯೇ ಇತ್ತು, ಉಳಿದದ್ದೆಲ್ಲ ಡಾಂಬರು.

ಆ ಕಾಲದ ಕಾರುಗಳಿಗೆ ರೋಡ್‌ಸ್ಟರ್ ಎನ್ನುತ್ತಿದ್ದರು. ಎಂಜಿನ್ ಮುಂದೆ, ಆದರೆ ನಡುಮಧ್ಯದಲ್ಲಲ್ಲ, ಎಡಕ್ಕೆ ಸರಿಸಿ ಕೂರಿಸಿದ್ದು. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟು ಚಾಲಕನ ಕೆಳಗೆ ಹಾಯದೆ ಎಡಪಕ್ಕದಲ್ಲಿ ಹಾಯುತ್ತಿತ್ತು, ಹಾಗಾಗಿ ಅವನು ಬಲಕ್ಕೆ, ಸಾಕಷ್ಟು ತಗ್ಗಿನಲ್ಲಿ ಕೂರಬಹುದಿತ್ತು. ಆಯಿಲ್ ಟ್ಯಾಂಕು ಕೂಡ ಎಡಗಡೆ ಹೊರಗೆ ನೇತಾಡುತ್ತಿತ್ತು. ನಿಂತಾಗ ಎಡಕ್ಕೆ ಭಾರ ಹೆಚ್ಚಿದ್ದರೆ, ತಿರುವಿನಲ್ಲಿ ಬಲಕ್ಕೆ ಒರಗಿದ ಮೇಲೆ ನಾಲ್ಕೂ ಚಕ್ರಕ್ಕೆ ಅದು ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತದೆ ಎಂಬ ಲೆಕ್ಕ. ಬಲಕ್ಕೆ ತಿರುಗಬೇಕಾದ ರಸ್ತೆಗೆ ಈ ಕಾರು ಲಾಯಕ್ಕಿಲ್ಲ, ಇಲ್ಲಿ ಅದರ ಅಗತ್ಯವೂ ಇರಲಿಲ್ಲ.

ಎಂಜಿನ್ ಆಫೆನ್‌ಹೌಸರ್. ನಾಲ್ಕೇ ಸಿಲಿಂಡರು, 4.2 ಲೀಟರು, ಎರಡು ಕ್ಯಾಮ್‌ಶಾಫ್ಟು, ಸಿಲಿಂಡರಿಗೆ ನಾಲ್ಕು ವಾಲ್ವು. ಇದರ ದೊಡ್ಡ ಗುಣವೆಂದರೆ ಬ್ಲಾಕು ಮತ್ತು ಹೆಡ್ಡು ಒಂದೇ ಎರಕ. ಇವೆರಡರ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ಟೇ ಇಲ್ಲದ ಮೇಲೆ ಅದು ಹಾರಿಹೋಗುವ ಮಾತೂ ಇಲ್ಲ. ಕಷ್ಟವೆಂದರೆ ವಾಲ್ವು ಬಿಚ್ಚಬೇಕಾದಾಗ ಕೆಳಗಿನಿಂದ ಕೈ ಹಾಕಬೇಕು. ಗಿಯರು ಎರಡೇ. ಕಾರಿನಲ್ಲಿ ಸ್ಟಾರ್ಟರ್ ಇರಲಿಲ್ಲ, ಹೊರಗಿನಿಂದ ಸ್ಟಾರ್ಟರ್ ತಂದು ಮೂತಿಯಲ್ಲಿ ತೂರಿಸಿ ತಿರುಗಿಸಬೇಕು. ಪಿಟ್‌ನಿಂದ ಹೊರಡುವಾಗ ಕ್ಲಚ್ಚು ಒರಟಾಗಿ ಬಿಟ್ಟು ಎಂಜಿನ್ ನಿಂತಿತೋ, ಅಮೂಲ್ಯ ಸೆಕೆಂಡುಗಳು ಕೈಬಿಟ್ಟವೆಂದೇ ಅರ್ಥ.

ಇಂಧನ ಪೆಟ್ರೋಲಲ್ಲ, ಮೆಥನಾಲ್. ಒಂದು ಕಿಲೋ ಪೆಟ್ರೋಲು ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಮೆಥನಾಲಿಗೆ 6.4 ಕಿಲೋ ಸಾಕು. ಅಂದರೆ ಎಂಜಿನ್ ಎಳೆದುಕೊಳ್ಳುವ ಅಷ್ಟೇ ಗಾಳಿಗೆ ಎರಡು ಪಟ್ಟಿಗೂ ಹೆಚ್ಚು ಇಂಧನ ಸುರಿಯಬಹುದು. ಅದು ಆವಿಯಾಗುವಾಗ ಒಳಗೆಲ್ಲ ತಂಪು ಮಾಡುತ್ತದೆ, ಸಿಲಿಂಡರಿನೊಳಗೆ ಬಿಗಿಯಾಗಿ ಅದುಮಿದರೂ, ಅಂದರೆ ಹೆಚ್ಚಿನ ಕಂಪ್ರೆಷನ್ ಇದ್ದರೂ, ತಡೆದುಕೊಳ್ಳುತ್ತದೆ. ಎಂಜಿನ್ನಿಗೆ ಇದು ವರ, ಟ್ಯಾಂಕಿಗೆ ಶಾಪ. ಬಾಲದ ತುಂಬ ಟ್ಯಾಂಕೇ ಇದ್ದರೂ 500 ಮೈಲಿಗೆ ಮೂರು ಸಲ ಪಿಟ್‌ಗೆ ಬರಲೇಬೇಕಿತ್ತು. 100 ಲೀಟರ್ ಮೆಥನಾಲ್ ಎಂದರೆ 79 ಕಿಲೋ, ಗಟ್ಟಿಮುಟ್ಟಾದ ಒಬ್ಬ ಆಳನ್ನು ಬಾಲದ ಮೇಲೆ ಕೂರಿಸಿಕೊಂಡ ಹಾಗೆ. ಆ ಆಳು ಸುತ್ತಿಂದ ಸುತ್ತಿಗೆ ಕರಗುತ್ತಾ ಹೋಗುತ್ತಾನೆ, ಕಾರಿನ ನಡತೆಯೂ ಬದಲಾಗುತ್ತಾ ಹೋಗುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಆ ಮೇ ತಿಂಗಳು ಒಂದು ಸಾವಿನ ನೆರಳಲ್ಲೇ ಶುರುವಾಗಿತ್ತು. ಮೇ 12ರಂದು ಟೋನಿ ಬೆಟನ್‌ಹಾಸೆನ್ ಗೆಳೆಯ ಪಾಲ್ ರೂಸೊ ಅವರ ಕಾರನ್ನು ಪರೀಕ್ಷೆಗೆಂದು ಓಡಿಸುತ್ತಿದ್ದರು. ಮುಂದಿನ ಆಕ್ಸಲನ್ನು ಹಿಡಿದಿಡುವ ರಾಡಿನ ಒಂದು ಬೋಲ್ಟು ಕಳಚಿಬಿತ್ತು. ನೇರಕ್ಕೆ ಹೋಗುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಬ್ರೇಕು ಒತ್ತಿದ ಕ್ಷಣ ಆಕ್ಸಲು ತಿರುಚಿಕೊಂಡು ಚಕ್ರ ಒಂದು ಕಡೆಗೆ ಎಳೆಯುತ್ತದೆ. ಕಾರು ಗೋಡೆ ಹತ್ತಿ ಬೇಲಿಗೆ ಸಿಕ್ಕಿಕೊಂಡಿತು, ಬೆಟನ್‌ಹಾಸೆನ್ ಉಳಿಯಲಿಲ್ಲ. ಮರುದಿನ ಅರ್ಹತಾ ಸುತ್ತುಗಳಲ್ಲಿ ಮೊದಲ ಸ್ಥಾನ ಪಡೆದವರು ಸ್ಯಾಕ್ಸ್. ನಾಲ್ಕು ಸುತ್ತಿನ ಸರಾಸರಿ ಗಂಟೆಗೆ 147.481 ಮೈಲಿ, ಅಂದರೆ 237 ಕಿಲೋಮೀಟರು.

ಸಾಲಿನಲ್ಲಿ 33 ಕಾರು. ಅವುಗಳಲ್ಲಿ ಒಂದು ಮಾತ್ರ ಬೇರೆ ಜಾತಿಯದು. ಆಸ್ಟ್ರೇಲಿಯಾದ ಜ್ಯಾಕ್ ಬ್ರಾಬಂ ತಂದಿದ್ದ ಕೂಪರ್ ಕಾರಿನ ಎಂಜಿನ್ ಚಾಲಕನ ಬೆನ್ನ ಹಿಂದಿತ್ತು. ಅಳತೆ ಕೇವಲ 2.7 ಲೀಟರು. ನೇರದಾರಿಯಲ್ಲಿ ರೋಡ್‌ಸ್ಟರುಗಳು ಅದನ್ನು ದಾಟಿ ಹೋಗುತ್ತಿದ್ದವು, ತಿರುವಿನಲ್ಲಿ ಅದು ಅವುಗಳ ಬೆನ್ನಿಗೆ ಬಂದು ಅಂಟಿಕೊಳ್ಳುತ್ತಿತ್ತು. ಹಲವರು ಅದನ್ನು ಆಟದ ಸಾಮಾನೆಂದು ನಕ್ಕರು. ಅದು 9ನೆಯದಾಗಿ ಮುಗಿಸಿತು. ನಾಲ್ಕು ವರ್ಷದ ನಂತರ ಜಿಮ್ ಕ್ಲಾರ್ಕ್ ಹಿಂದೆ ಎಂಜಿನ್ ಇದ್ದ ಲೋಟಸ್‌ನಲ್ಲಿ ಗೆದ್ದಾಗ ಆ ನಗು ಪೂರ್ತಿ ನಿಂತಿತ್ತು. ಅದಿರಲಿ.

ರೇಸಿನ ಉತ್ತರಾರ್ಧ ಇಬ್ಬರದೇ ಆಯಿತು. ಒಬ್ಬರು 12ನೇ ನಂಬರಿನ ಡೀನ್ ವ್ಯಾನ್ ಲೈನ್ಸ್ ಕಾರಿನ ಸ್ಯಾಕ್ಸ್, ಪಿಟ್‌ನಲ್ಲಿ ಮುಖ್ಯ ಮೆಕ್ಯಾನಿಕ್ ಕ್ಲಿಂಟ್ ಬ್ರಾನರ್. ಇನ್ನೊಬ್ಬರು ಟೆಕ್ಸಾಸಿನ 26 ವರ್ಷದ ಎ. ಜೆ. ಫೊಯ್ಟ್. ಕಾರು 1ನೇ ನಂಬರಿನ ಬೋವ್ಸ್ ಸೀಲ್ ಫಾಸ್ಟ್ ಸ್ಪೆಷಲ್, ಮುಖ್ಯ ಮೆಕ್ಯಾನಿಕ್ ಜಾರ್ಜ್ ಬಿಗ್ನಾಟಿ. ಸುಮಾರು 160ನೇ ಸುತ್ತಿಗೆ ಫೊಯ್ಟ್ ಮೂರನೆಯ, ಲೆಕ್ಕದ ಪ್ರಕಾರ ಕೊನೆಯ, ನಿಲುಗಡೆಗೆ ಬಂದರು.

ಪಿಟ್‌ನಲ್ಲಿ ಇಂಧನ ತುಂಬುವುದು ಕೊಳವೆ ಇಳಿಬಿಟ್ಟು ಸುರಿಯುವ ಕೆಲಸವಲ್ಲ. ಪೈಪಿನ ಬಾಯಿ ಟ್ಯಾಂಕಿನ ಬಾಯಿಗೆ ಸರಿಯಾಗಿ ಕಚ್ಚಿಕೊಳ್ಳಬೇಕು, ಆಗಷ್ಟೇ ಒಳಗಿನ ವಾಲ್ವು ತೆರೆಯುತ್ತದೆ. ಬಿಸಿ ಎಂಜಿನ್ನಿನ ಕಾರಿಗೆ ಹಗಲು ಬೆಳಕಿನಲ್ಲಿ ಜ್ವಾಲೆಯೇ ಕಾಣದ ಮೆಥನಾಲ್ ತುಂಬುವಾಗ ಒಂದು ತೊಟ್ಟೂ ಚೆಲ್ಲಬಾರದೆಂದು ಈ ಏರ್ಪಾಡು. ಅದರ ತೊಂದರೆ ಏನೆಂದರೆ, ಹೊರಗಿನಿಂದ ನೋಡುವವರಿಗೆ ಪೈಪು ಕೂತಿದೆ ಎಂದು ಕಾಣುತ್ತದೆ, ಇಂಧನ ಒಳಗೆ ಹೋಗುತ್ತಿದೆಯೋ ಇಲ್ಲವೋ ಕಾಣುವುದಿಲ್ಲ. ಅವತ್ತು ಹೋಗಲಿಲ್ಲ. ಕಾರು ಹೊರಟ ಮೇಲೆ ತಂಡಕ್ಕೆ ಅದು ತಿಳಿಯಿತು. ಟ್ಯಾಂಕಿನಲ್ಲಿರುವುದು ಕೊನೆತನಕ ಸಾಲುವುದಿಲ್ಲ.

ರೇಡಿಯೋ ಇಲ್ಲದ ಕಾಲ. ಚಾಲಕನಿಗೆ ಸುದ್ದಿ ಮುಟ್ಟಿಸಲು ಪಿಟ್ ಗೋಡೆಯ ಮೇಲೆ ಎತ್ತಿ ಹಿಡಿಯುವ ಹಲಗೆಯೊಂದೇ ದಾರಿ, ಅದೂ ಸುತ್ತಿಗೊಮ್ಮೆ, ಓದಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಫೊಯ್ಟ್ ಕಾರು ಹಗುರವಾಗಿ ಹಾರುತ್ತಿತ್ತು. ಸ್ಯಾಕ್ಸ್ ಟ್ಯಾಂಕಿನಲ್ಲಿ ಕೊನೆತನಕ ಬೇಕಾದ ಇಂಧನ, ಫೊಯ್ಟ್ ಟ್ಯಾಂಕು ಬಹುಪಾಲು ಖಾಲಿ. ಸ್ಯಾಕ್ಸ್ ಪಿಟ್‌ಗೆ ಈ ಗುಟ್ಟು ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ, ಎದುರಾಳಿ ಕಣ್ಣೆದುರಿಗೇ ದೂರವಾಗುತ್ತಿದ್ದರೆ ರೇಸ್ ಚಾಲಕ ಸುಮ್ಮನಿರುವುದಿಲ್ಲ. ಭಾರವಾದ ಕಾರಿನಲ್ಲಿ ಹಗುರ ಕಾರನ್ನು ಅಟ್ಟಿಸಿಕೊಂಡು ಹೋದರೆ ಬಿಲ್ಲು ಬರುವುದು ಬಲಗಡೆ ಹಿಂದಿನ ಟೈರಿಗೆ. ಫೊಯ್ಟ್ ಪಿಟ್‌ನ ಪೈಪೇ ಸ್ಯಾಕ್ಸ್ ಟೈರನ್ನು ತಿಂದಿತು ಎನ್ನುವುದು ನನ್ನ ತರ್ಕ.

ಬಿಗ್ನಾಟಿಯ ಮುಂದೆ ಇನ್ನೊಂದು ಪೇಚಿತ್ತು. ತಮ್ಮ ಪೈಪು ಕೈಕೊಟ್ಟ ಮೇಲೆ ಕಾರನ್ನು ಒಳಗೆ ಕರೆಸಿದರೂ ತುಂಬುವುದು ಯಾವುದರಿಂದ? ಲೆನ್ ಸಟನ್ ಕಾರು ಅಷ್ಟರಲ್ಲಿ ರೇಸಿನಿಂದ ಹೊರಬಿದ್ದಿತ್ತು. ಅವರ ಪಿಟ್‌ನಿಂದ ಇಂಧನ ತುಂಬುವ ಸಲಕರಣೆ ಸಾಲ ತಂದರು. 184ನೇ ಸುತ್ತಿಗೆ ಫೊಯ್ಟ್ ಒಳಗೆ ಬಂದರು, ಒಂದಿಷ್ಟು ಇಂಧನ ಕುಡಿಸಿ ಕಳಿಸಿದರು. ಮುಂದಾಳತ್ವ ಸ್ಯಾಕ್ಸ್ ಪಾಲಾಯಿತು, ಸುಮಾರು 25 ಸೆಕೆಂಡಿನ ಅಂತರ. ಆ ವೇಗದಲ್ಲಿ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು. ಬಾಕಿ ಇದ್ದದ್ದು 16 ಸುತ್ತು. ಎಲ್ಲ ಸರಿಯಿದ್ದರೆ ಗೆದ್ದ ಹಾಗೇ.

ಆಮೇಲೆ ಬಿಳಿ ಕಂಡಿತು.

ಸ್ಯಾಕ್ಸ್ ಮುಂದೆ ಮೂರು ದಾರಿ ಇತ್ತು. ಒಂದು, ಏನೂ ಆಗದೆಂದು ಅದೇ ವೇಗದಲ್ಲಿ ಹೋಗುವುದು. ಇನ್ನೊಂದು, ಪಿಟ್‌ಗೆ ಬಂದು ಬದಲಿಸುವುದು. ಮೂರನೆಯದನ್ನು ಹಿಂದಿನ ವರ್ಷವೇ ರಾಜರ್ ವಾರ್ಡ್ ತೋರಿಸಿದ್ದರು. 1960ರಲ್ಲಿ ಜಿಮ್ ರಾತ್‌ಮನ್ ಜೊತೆ ಬಹುಹೊತ್ತು ಕಿತ್ತಾಡಿದ ಮೇಲೆ ಕೊನೆಯ ಕೆಲವು ಸುತ್ತುಗಳಲ್ಲಿ ವಾರ್ಡ್ ಅವರ ಬಲಗಡೆ ಮುಂದಿನ ಟೈರಿನಲ್ಲಿ ಇದೇ ಎಚ್ಚರಿಕೆ ಕಂಡಿತ್ತು. ಅವರು ನಿಲ್ಲಲಿಲ್ಲ, ವೇಗ ಇಳಿಸಿದರು. ರಾತ್‌ಮನ್ ಗೆದ್ದರು, ವಾರ್ಡ್ 12.75 ಸೆಕೆಂಡು ಹಿಂದೆ ಎರಡನೆಯವರಾದರು. ಅವರಿಗೆ ಬೇರೆ ಗತಿಯಿರಲಿಲ್ಲ, ರಾತ್‌ಮನ್ ಬೆನ್ನಿಗೇ ಇದ್ದರು.

ಸ್ಯಾಕ್ಸ್ ಕೈಯಲ್ಲಿ 25 ಸೆಕೆಂಡು ಇತ್ತಲ್ಲ. ಆ ಅಂತರ ಹಾಗೇ ಉಳಿದಿತ್ತೆಂದು ಹಿಡಿದರೆ ಮೂರು ಸುತ್ತಿಗೆ ಹಂಚಿ ಸುತ್ತಿಗೆ 8 ಸೆಕೆಂಡು ಬಿಟ್ಟುಕೊಡಬಹುದಿತ್ತು. ಸುತ್ತಿಗೆ 63 ಸೆಕೆಂಡು ಹಿಡಿಯುವ ಕಡೆ 71. ಸರಾಸರಿ 230 ಕಿಲೋಮೀಟರಿನಿಂದ 204ಕ್ಕೆ ಇಳಿಯುತ್ತದೆ. ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದು ಐದನೇ ಒಂದು ಭಾಗಕ್ಕೂ ಹೆಚ್ಚು ಕಡಿಮೆಯಾಗುತ್ತಿತ್ತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಈ ಗುಣಾಕಾರ ಭಾಗಾಕಾರ ಮಾಡುವವರು ಕುರ್ಚಿಯಲ್ಲಿ ಕೂತಿರುತ್ತಾರೆ. ಕಾರಿನಲ್ಲಿ ಕೂತವನಿಗೆ ಬಿಳಿಯ ಕೆಳಗೆ ಇನ್ನೆಷ್ಟು ಪದರ ಉಳಿದಿದೆ ಎಂದು ಕಾಣುವುದಿಲ್ಲ, ತನ್ನ ಅಂತರ ಎಷ್ಟೆಂಬುದೂ ಹಲಗೆಯ ಮೇಲೆ ಒಂದು ಸುತ್ತಿನಷ್ಟು ಹಳೆಯ ಸುದ್ದಿ. ಬಲಗಡೆ ಹಿಂದಿನದು ಒಡೆದರೆ ಕಾರಿನ ಬಾಲ ಹೊರಕ್ಕೆ ಚಿಮ್ಮುತ್ತದೆ, ಹೊರಗಿರುವುದು ಕಾಂಕ್ರೀಟ್ ಗೋಡೆ. ಹದಿನೆಂಟು ದಿನದ ಹಿಂದೆ ಅದೇ ರಸ್ತೆಯಲ್ಲಿ ಒಂದು ಬೋಲ್ಟು ಏನು ಮಾಡಿತ್ತೆಂದು ಎಲ್ಲರಿಗೂ ಗೊತ್ತಿತ್ತು. ನಿಧಾನಿಸಿ ನೋಡಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ, ಆದರೆ ಅವರು ಮಾಡಿದ್ದು ತಪ್ಪು ಎನ್ನಲು ಬಾಯಿ ಬರುವುದಿಲ್ಲ.

ಸ್ಯಾಕ್ಸ್ ಒಳಗೆ ತಿರುಗಿಸಿದರು. ಈ ಕಾರುಗಳ ಚಕ್ರಕ್ಕೆ ನಮ್ಮ ಕಾರಿನ ಹಾಗೆ ನಾಲ್ಕೈದು ನಟ್ಟು ಇರುವುದಿಲ್ಲ. ನಡುವೆ ಕಿವಿಗಳಿರುವ ಒಂದೇ ದೊಡ್ಡ ನಟ್ಟು, ಸುತ್ತಿಗೆಯಿಂದ ಬಡಿದು ಸಡಿಲಿಸಿ, ಬಡಿದೇ ಬಿಗಿಯಬೇಕು. ಜ್ಯಾಕಿನ ಮೇಲೆ ಎತ್ತಿ, ಹಳೆ ಚಕ್ರ ಎಳೆದು, ಹೊಸದನ್ನು ತೂರಿಸಿ, ನಟ್ಟಿಗೆ ಪೆಟ್ಟು ಹಾಕಿ ಇಳಿಸಿದರು. ಅಷ್ಟರಲ್ಲಿ ಫೊಯ್ಟ್ ಇಟ್ಟಿಗೆಯ ನೇರದಾರಿಯಲ್ಲಿ ಮುಂದೆ ಹೋಗಿಬಿಟ್ಟಿದ್ದರು.

ಫೊಯ್ಟ್ 3 ಗಂಟೆ 35 ನಿಮಿಷ 37 ಸೆಕೆಂಡಿಗೆ ಮುಗಿಸಿದರು, ಸರಾಸರಿ ಗಂಟೆಗೆ 139.130 ಮೈಲಿ. ಅಲ್ಲಿ ಗೆದ್ದ ನಾಲ್ಕು ರೇಸುಗಳಲ್ಲಿ ಇದು ಅವರ ಮೊದಲನೆಯದು. ಸ್ಯಾಕ್ಸ್ 8.28 ಸೆಕೆಂಡು ಹಿಂದೆ. ಅದಕ್ಕೆ ಕೈಲಿದ್ದ 25 ಸೇರಿಸಿದರೆ 33 ಸೆಕೆಂಡು ಚಿಲ್ಲರೆ. ವೇಗ ಇಳಿಸಿ ಒಳಗೆ ಬಂದು, ಟೈರು ಬದಲಿಸಿ, ಮತ್ತೆ ವೇಗ ಹಿಡಿಯಲು ತಗಲಿದ್ದು ಅಷ್ಟು. ಮೂರನೆಯವರಾಗಿ ಬಂದವರು ರಾಜರ್ ವಾರ್ಡ್.